ಹತ್ತನೇ ಬಣ್ಣ

ಧಾರವಾಡದ ಲಿಂಗರಾಜ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿದ್ದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯವನು. ಎಷ್ಟು ದೊಡ್ಡದೆಂದರೆ, ಎಂಟು ವರ್ಷದಿಂದ ಅವನಿಗೆ ಒಂದು ಸಾಲು ಪ್ರೋಗ್ರಾಂ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ಮೀಟಿಂಗಿನಲ್ಲಿ ಮಾತಾಡುತ್ತಿದ್ದ, ಹುಡುಗರು ಬರೆದದ್ದಕ್ಕೆ ಒಪ್ಪಿಗೆ ಒತ್ತುತ್ತಿದ್ದ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದನಂತೆ. ಆದರೆ ಈಚೆಗೆ ಅವನನ್ನು ಒಂದು ಭಯ ಕೊರೆಯುತ್ತಿತ್ತು: ತನಗೆ ಈಗ ಈ ಕೆಲಸ ನಿಜವಾಗಿ ಬರುತ್ತದೆಯೇ? ಯಾರ ಮುಂದೂ ಹೇಳಿಕೊಳ್ಳುವಂಥ ಭಯವಲ್ಲ.

ಅಂಥವನಿಗೆ ಸೂರತ್‌ನ ಪಾಂಡೇಸರಾದಿಂದ ಬುಲಾವ್ ಬಂತು. ಅಲ್ಲಿ ಹಸಮುಖಭಾಯಿಯದು ಬಟ್ಟೆಗೆ ಬಣ್ಣ ಹಾಕುವ ಮಿಲ್ಲು. ಬಟ್ಟೆಯ ಯಾವ ಥಾನು ಮೊದಲು ಯಂತ್ರಕ್ಕೆ ಇಳಿಯಬೇಕೆಂದು ಹೇಳುವುದು ಇವರ ಕಂಪನಿಯ ಪ್ರೋಗ್ರಾಂ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ. ತಪ್ಪಿದರೆ ಯಂತ್ರದಲ್ಲಿ ಉಳಿದ ಗಾಢ ಬಣ್ಣ ತಿಳಿ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಹಾಗೆಯೇ ಆಗಿ, ಗುಲಾಬಿ ಬಟ್ಟೆಯೆಲ್ಲ ಬೂದು ಬಣ್ಣದ್ದಾಗಿ ಹೊರಬಂದಿತ್ತು.

“ನಾಳೆ ಮಧ್ಯಾಹ್ನ ಇನ್ನೊಂದು ಗುಲಾಬಿ ಥಾನು ಹಾಕುತ್ತೇವೆ. ಅಷ್ಟರಲ್ಲಿ ಸರಿಯಾಗಬೇಕು, ಇಲ್ಲವಾದರೆ ನಿಮ್ಮ ಸಹವಾಸ ಸಾಕು. ದೊಡ್ಡವರೇ ಬರಲಿ,” ಎಂದಿದ್ದರು ಹಸಮುಖಭಾಯಿ.

ದೊಡ್ಡವನು ಬೆಳಗಿನ ರೈಲು ಹತ್ತಿದ. ಜೊತೆಗೆ ಆ ಪ್ರೋಗ್ರಾಂ ಮಾಡಿದ ವರ್ಷಿಣಿ, ಮೈಸೂರಿನ ಹುಡುಗಿ. ಮಿಲ್ಲಿನ ಗೇಟಿನಲ್ಲೇ ಇಬ್ಬರ ಫೋನು, ಲ್ಯಾಪ್‌ಟಾಪು ತೆಗೆದಿಟ್ಟುಕೊಂಡರು. ಡಿಸೈನ್ ಕದ್ದಾರೆಂದು ಅಲ್ಲಿ ಎಲ್ಲರಿಗೂ ಅದೇ ಕಟ್ಟಳೆ. ಒಳಗಿನ ಕಂಪ್ಯೂಟರಿಗೆ ನೆಟ್ಟೂ ಇರಲಿಲ್ಲ. ಆಫೀಸಿನ ಹುಡುಗರನ್ನು ಕೇಳುವ ದಾರಿಯೂ ಇಲ್ಲವೆಂದು ಲಿಂಗರಾಜನಿಗೆ ಎಸಿ ರೂಮಿನಲ್ಲೂ ಬೆವರು ಕಿತ್ತುಕೊಂಡಿತು.

“ಸರ್, ಇದನ್ನ ನಾನು ಬರೆದಿದ್ದಲ್ಲ,” ವರ್ಷಿಣಿ ಮೆಲ್ಲಗೆ ಹೇಳಿದಳು. “ಎಐ ಬರೆದುಕೊಡ್ತು. ಓಡಿಸಿ ನೋಡ್ದೆ, ಸರಿ ಬಂತು. ನೀವೂ ಒಪ್ಪಿಗೆ ಕೊಟ್ರಿ.”

“ಓದಿದ್ದಿಲ್ಲೇನವಾ?”

“ನೀವು ಓದಿರ್ತೀರ ಅಂದ್ಕೊಂಡೆ ಸರ್.”

“ನೀ ಓದಿರ್ತಿ ಅಂತ ನಾ ಅನ್ಕೊಂಡಿದ್ದೆ.”

ನಗುವ ಹೊತ್ತಾಗಿರಲಿಲ್ಲ, ಆದರೂ ಇಬ್ಬರಿಗೂ ನಗು ಬಂತು.

ಹೊಸ ಕಾಲದ ಆ ಪ್ರೋಗ್ರಾಂ ಭಾಷೆ ಲಿಂಗರಾಜನಿಗೆ ಅರ್ಥವಾಗದು. ಅವಳಿಗೆ ಓದಲು ಬರುತ್ತದೆ, ತಪ್ಪು ಹುಡುಕುವುದು ಹೇಗೆಂದು ಗೊತ್ತಿಲ್ಲ. ಕಾಲೇಜಿನಲ್ಲಿ ಕಂಪ್ಯೂಟರ್ ಮುಟ್ಟಲು ವಾರಕ್ಕೊಮ್ಮೆ ಸರದಿ ಸಿಗುತ್ತಿದ್ದ ಕಾಲದಲ್ಲಿ ತಾವೆಲ್ಲ ಏನು ಮಾಡುತ್ತಿದ್ದೆವು ಎಂದು ಲಿಂಗರಾಜ ಯೋಚಿಸಿದ. ಎದ್ದು ಹೋಗಿ ಬಣ್ಣದ ಬಟ್ಟೆಯ ತುಂಡುಗಳನ್ನು ತಂದು ಮೇಜಿನ ಮೇಲೆ ಹರಡಿದ. ಪ್ರತಿ ತುಂಡಿಗೂ ನಂಬರಿನ ಚೀಟಿ: ಒಂದು ಎಂದರೆ ಎಲ್ಲಕ್ಕಿಂತ ತಿಳಿ, ಹತ್ತು ಎಂದರೆ ಕಡುಗಪ್ಪು.

“ಒಂದೊಂದ ಸಾಲು ಓದವಾ. ನಾನ ಕಂಪ್ಯೂಟರ್. ನೀ ಹೇಳಿದಷ್ಟ ಮಾಡ್ತೇನಿ, ಸ್ವಂತ ಬುದ್ಧಿ ಬಳಸಂಗಿಲ್ಲ.”

ಇದರಲ್ಲಿ ಹೊಸದೇನಿದೆ ಎಂದು ವರ್ಷಿಣಿಗೆ ಅನಿಸಿರಬೇಕು. ನಗು ಬಾರದಂತೆ ತುಟಿ ಕಚ್ಚಿಕೊಂಡು ಓದತೊಡಗಿದಳು.

“ಬಣ್ಣದ ನಂಬರನ್ನ ಅಕ್ಷರ ಅಂತ ಇಟ್ಕೊಂಡಿದೆ ಸರ್. ಆಮೇಲೆ ಜೋಡಿಸತ್ತೆ.”

ಲಿಂಗರಾಜನ ಕೈ ನಿಂತಿತು. “ಅಕ್ಷರ? ಹಂಗಂದ್ರ ಡಿಕ್ಷನರಿಯೊಳಗಿನ ಹಂಗ, ಮೊದಲನೇ ಗುರುತು ಅಷ್ಟ ನೋಡಿ ಜೋಡಿಸ್ತದ. ಹತ್ತರೊಳಗ ಮೊದಲು ಒಂದು ಅದ, ಆಮ್ಯಾಲೆ ಸೊನ್ನಿ…” ಕಪ್ಪು ತುಂಡನ್ನೆತ್ತಿ ಒಂದರ ಪಕ್ಕಕ್ಕಿಟ್ಟ. ಅದರ ಹಿಂದೆಯೇ ಎರಡನೆಯದು ಬಂದು ಕೂತಿತು. ಗುಲಾಬಿ.

“ಒಂಬತ್ತರವರೆಗೂ ಸರಿ ಬರ್ತಿತ್ತು!” ವರ್ಷಿಣಿ ಕೂಗಿದಳು. “ಹೋದ ವಾರ ಹತ್ತನೇ ಬಣ್ಣ ಸೇರಿಸಿದ್ರು ಸರ್!”

ಅಕ್ಷರವನ್ನು ಅವಳು ಸಂಖ್ಯೆ ಮಾಡಿದಳು. ಈ ಸಲ ಇಬ್ಬರೂ ಪ್ರತಿ ಸಾಲನ್ನೂ ಓದಿದರು. ಮಧ್ಯಾಹ್ನದ ಥಾನು ಗುಲಾಬಿಯಾಗಿಯೇ ಹೊರಬಂತು. ಲಿಂಗರಾಜನಿಗೆ ಅದನ್ನು ತಬ್ಬಿಕೊಳ್ಳೋಣ ಎನಿಸಿತು.

ಏನಾಗಿತ್ತು ಎಂದು ಹಸಮುಖಭಾಯಿ ಕೇಳಿದರು. ಲಿಂಗರಾಜ ರೂಢಿಯಂತೆ ದೊಡ್ಡ ದೊಡ್ಡ ಇಂಗ್ಲಿಷ್ ಪದ ಹುಡುಕಿದ. ಆಮೇಲೆ ಮನಸ್ಸು ಬದಲಿಸಿ ಹಿಂದಿಯಲ್ಲಿ ಹೇಳಿಬಿಟ್ಟ: “ಎರಡಕ್ಕಿಂತ ಹತ್ತು ದೊಡ್ಡದೆಂದು ನಾವು ಅದಕ್ಕೆ ಹೇಳಿಕೊಟ್ಟಿರಲಿಲ್ಲ. ತಪ್ಪು ನಮ್ಮಿಬ್ಬರದು.” ಹಸಮುಖಭಾಯಿ ಹೊಟ್ಟೆ ಹಿಡಿದು ನಕ್ಕು, ಇಬ್ಬರಿಗೂ ಸೂರತ್‌ನ ತಿಂಡಿ ಲೋಚೊ ಮತ್ತು ಚಹಾ ತರಿಸಿದರು.

ಸಂಜೆಯ ರೈಲಿನಲ್ಲಿ ಮೀಟಿಂಗಿಗೆ ಫೋನು ಬಂತು. ಲಿಂಗರಾಜ ಬರುವುದಿಲ್ಲ ಎಂದುಬಿಟ್ಟ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಆ ಹೊಸ ಭಾಷೆಯಲ್ಲಿ ಬಣ್ಣ ಜೋಡಿಸುವ ಪುಟ್ಟ ಪ್ರೋಗ್ರಾಂ ಬರೆಯಲು ಕೂತ. ವರ್ಷಿಣಿ ಅಕ್ಷರ ಹೇಳಿಕೊಡುವ ಟೀಚರಮ್ಮನ ಹಾಗೆ ಪಕ್ಕದಲ್ಲಿದ್ದಳು. ವಡೋದರಾ ಬರುವಷ್ಟರಲ್ಲಿ ಮುಗಿಸಿ, ಓಡಿಸಿದ. ಪರದೆಯ ಮೇಲೆ ಕೆಂಪು ಸಾಲು ಮೂಡಿತು.

“ತಪ್ಪು ಬಂತು ಸರ್. ಎಐಗೆ ಕೇಳ್ಲಾ?”

ಲಿಂಗರಾಜ ಲ್ಯಾಪ್‌ಟಾಪನ್ನು ಎದೆಗೆಳೆದುಕೊಂಡ.

“ಮುಟ್ಟಬ್ಯಾಡವಾ! ಎಂಟು ವರ್ಷ ಆದಮ್ಯಾಲೆ ನಾನ ಸ್ವಂತ ಮಾಡಿದ ತಪ್ಪಿದು.”