ಪಂಜರಕ್ಕೆ ಕುಂಕುಮ

ಆ ವರ್ಷ ಎಲೆಕ್ಟ್ರಾನಿಕ್ ಸಿಟಿಯ ಆ ಪ್ರಯೋಗಾಲಯದ ಮುಂದಿದ್ದ ಅತಿ ಗಹನವಾದ ಪ್ರಶ್ನೆಯೆಂದರೆ, ಆಯುಧಪೂಜೆಯಲ್ಲಿ ಇಲಿಪಂಜರಗಳಿಗೆ ಕುಂಕುಮ ಹಚ್ಚಬೇಕೇ ಬೇಡವೇ ಎಂಬುದು. ನಿರ್ದೇಶಕ ಪಂಚಾಕ್ಷರಿಯವರು ಅದಕ್ಕೊಂದು ಸಭೆಯನ್ನೇ ಕರೆದರು. ಇಲಿಮನೆ ನೋಡಿಕೊಳ್ಳುತ್ತಿದ್ದ ಗದಿಗೆಪ್ಪ ಎದ್ದು, "ಸಾಹೇಬ್ರ, ನಿಮ್ಮ ಕಾರಿಗೆ ಪೂಜಿ ಆಗ್ತೈತಿ. ಇಲಿ ಗಣಪ್ಪನ ವಾಹನ ಅಲ್ಲೇನ್ರಿ?" ಎಂದ ಮೇಲೆ ವಿಜ್ಞಾನ ರಾಜಿಗೆ ಬಂತು. ಕುಂಕುಮ ಪಂಜರಕ್ಕೆ ಮಾತ್ರ, ಇಲಿಗೆ ಬೇಡ ಎಂದು ತೀರ್ಮಾನವಾಯಿತು.

ಶೈಲಾಳ ಸಂಶೋಧನೆಯೆಲ್ಲ ಆ ಇಲಿಗಳ ತಲೆಯೊಳಗಿತ್ತು. ಪ್ರಾಯಕ್ಕೆ ಬಂದ ಮೆದುಳಿನಲ್ಲೂ ಹೊಸ ನರಕೋಶಗಳು ಹುಟ್ಟುತ್ತವೆ. ಅಲ್ಲಿ ಕಾವಲಿರುವ ಮೈಕ್ರೋಗ್ಲಿಯಾ ಎಂಬ ರಕ್ಷಣಾಕೋಶಗಳು ಆ ಕೂಸುಗಳಲ್ಲಿ ಬಹುಪಾಲನ್ನು ಸದ್ದಿಲ್ಲದೆ ನುಂಗುತ್ತವೆ, ಕೆಲವನ್ನು ಬದುಕಗೊಡುತ್ತವೆ. ಯಾವುದನ್ನು, ಯಾಕೆ ಎಂದು ತಿಳಿಯಲು ನೆಮ್ಮದಿಯಾಗಿ ಬೆಳೆದ ಇಲಿಗಳೇ ಬೇಕು. ಗಲಾಟೆಯಾದರೆ ಆ ಕಾವಲುಕೋಶಗಳೇ ರೊಚ್ಚಿಗೆದ್ದು ಸಿಕ್ಕಿದ್ದನ್ನೆಲ್ಲ ನುಂಗುತ್ತವೆ. ಇಲಿಗಳ ಹಿಂದಿನ ತಂಡ ಕಾಯಿಲೆ ಬಿದ್ದು ಕೆಟ್ಟಿತ್ತು. "ಇದೇ ಕೊನೆ ಕಣಮ್ಮ. ಇದೂ ಕೈಕೊಟ್ರೆ ಬಾಗಿಲು ಹಾಕೋದೇ," ಎಂದಿದ್ದರು ಪಂಚಾಕ್ಷರಿ.

ಹಬ್ಬದ ಬೆಳಿಗ್ಗೆ ಅವಳು ರೇಷ್ಮೆ ಸೀರೆಯುಟ್ಟು ಇಲಿಮನೆಗೆ ಬಂದಾಗ ಪಂಜರಗಳೆಲ್ಲ ತೊಳೆದು ಫಳಫಳ ಹೊಳೆಯುತ್ತಿದ್ದವು. ಕಿರುಚಾಟ ಮೂಲೆಯ ಟಬ್ಬಿನಿಂದ ಬರುತ್ತಿತ್ತು. ಪೂಜೆಗೆ ಪಂಜರ ತೊಳೆಯಬೇಕಲ್ಲ ಎಂದು ಗದಿಗೆಪ್ಪನೂ ಅವನ ಜೊತೆಗಾರ ಆವಲಪ್ಪನೂ ಗಂಡಿಲಿಗಳನ್ನೆಲ್ಲ ಒಂದೇ ಟಬ್ಬಿಗೆ ಸುರಿದಿದ್ದರು. ಒಡಹುಟ್ಟಿದ ಗಂಡುಗಳೇನೋ ಹೊಂದಿಕೊಳ್ಳುತ್ತವೆ. ಪರಕೀಯ ಗಂಡು ಕಂಡರೆ ಕೊಲ್ಲುತ್ತವೆ. ಒಂದು ಇನ್ನೊಂದರ ಬೆನ್ನೇರಿ ಸೊಂಟದ ಚರ್ಮ ಸುಲಿಯುತ್ತಿತ್ತು. ಹರಿದ ಬಾಲಗಳು ರಕ್ತದಲ್ಲಿ ಬಿದ್ದಿದ್ದವು. ಹೊಟ್ಟೆ ಬಗಿದ ಒಂದು ಇನ್ನೂ ತೆವಳುತ್ತಿತ್ತು. ಶೈಲಾ ಕೈ ಹಾಕಿದಳು. ಬೆರಳಿಗೆ ಕಚ್ಚಿ ಜೋತುಬಿದ್ದ ಇಲಿಯನ್ನು ಗೋಡೆಗೆ ಬಡಿದೇ ಬಿಡಿಸಿಕೊಳ್ಳಬೇಕಾಯಿತು.

"ನಾನ್ ಏಳ್ಲಿಲ್ವಾ, ಅಂಗ್ ಸುರೀಬ್ಯಾಡ ಅಂತ!" ಎಂದ ಆವಲಪ್ಪ.

"ಟಬ್ ತಂದಾಂವ ಯಾರಲೇ, ನಿಮ್ಮಪ್ಪನೇನು?"

ಅಪ್ಪನ ಹೆಸರು ಬಂದದ್ದೇ ತಡ, ಆವಲಪ್ಪ ಪಂಜರದ ಮುಚ್ಚಳ ಬೀಸಿದ. ಗದಿಗೆಪ್ಪನ ಹಲ್ಲೊಂದು ಉದುರಿತು. ಅವನು ಎದುರಾಳಿಯ ಕುತ್ತಿಗೆ ಹಿಡಿದು ತಲೆಯನ್ನು ನಲ್ಲಿಗೆ ಜಜ್ಜಿದ. ಮೆದುಳಿನ ಬಗ್ಗೆ ಅಪಾರ ಗೌರವವಿದ್ದ ಶೈಲಾ ಪೊರಕೆ ತಿರುಗಿಸಿ ಹಿಡಿದು ಇಬ್ಬರ ತಲೆಗೂ ಬಾರಿಸಿದಳು.

ಸುದ್ದಿ ಕೇಳಿದ ಪಂಚಾಕ್ಷರಿ ತಗ್ಗಿದ ದನಿಯಲ್ಲಿ, "ಗಾಯ ಆಗದವು ಇವೆಯಲ್ಲ, ಅವನ್ನಷ್ಟೇ ತಗೊಳ್ಳಮ್ಮ. ಜಗಳದ ವಿಷ್ಯ ವರದೀಲಿ ಯಾಕೆ?" ಎಂದರು. ಅವಳಿಗೂ ಅದೇ ಬೇಕಾಗಿತ್ತು.

ರಜೆ ಮುಗಿದ ಮೇಲೆ ಮೈಮೇಲೆ ಗೀರೂ ಇಲ್ಲದ ಇಲಿಗಳನ್ನು ಆರಿಸಿ, ಮದ್ದು ಕೊಟ್ಟು ಕೊಂದು, ಬುರುಡೆ ಕತ್ತರಿಸಿ ಮೆದುಳು ತೆಗೆದಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾವಲುಕೋಶಗಳು ಒಂದೊಂದೂ ಊದಿಕೊಂಡಿದ್ದವು. ಟಬ್ಬಿನ ಜಗಳ ಒಳಗೆ ಇನ್ನೂ ನಿಂತಿರಲಿಲ್ಲ. ಹೊಸ ಕೋಶಗಳು ಇರಬೇಕಾದಲ್ಲಿ ಅಲ್ಲೊಂದು ಇಲ್ಲೊಂದು ಚೂರು ಕಂಡಿತು. ಇವು ನೆಮ್ಮದಿಯ ಇಲಿಗಳೆಂದು ಬರೆಯಲು ಕುಳಿತಳು, ಕೈ ಓಡಲಿಲ್ಲ. ನಡೆದದ್ದನ್ನು ನಡೆದಂತೆ ಬರೆದಳು.

"ಜಾಣೆ ಅಂದ್ಕೊಂಡಿದ್ದೆ ನಿನ್ನ," ಎಂದರು ಪಂಚಾಕ್ಷರಿ.

ದೀಪಾವಳಿಗೆ ಮೊದಲೇ ಅಧ್ಯಯನ ಮುಚ್ಚಿದರು.