ಗಂಗಾಂಬಿಕಾ ಐದು ತಿಂಗಳು ಕಾದ ಉತ್ತರ

ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತ ಮಕ್ಕಳಿಗೆ ಊರವರು ಕೇಳುವುದು ಒಂದೇ ಪ್ರಶ್ನೆ: “ಏನವ್ವಾ, ನೌಕ್ರಿ ಏನಾತು?” ಕೇಳುವವರಿಗೆ ಅದು ಊಟ ಆಯಿತೇ ಎಂದು ಕೇಳಿದಷ್ಟೇ ಹಗುರ. ಹೇಳಬೇಕಾದವರಿಗೆ ಅದು ಎಷ್ಟು ಭಾರ ಎಂಬುದನ್ನು ತೆಲಿಗಿಯ ಗಂಗಾಂಬಿಕಾಳನ್ನು ಕೇಳಬೇಕು.

ಹರಪನಹಳ್ಳಿಯಲ್ಲಿ ಬಿ.ಕಾಂ. ಮುಗಿಸಿ ಅವಳಿಗೆ ಒಂದೂವರೆ ವರ್ಷವಾಗಿತ್ತು. ದಾವಣಗೆರೆಯ ಒಂದು ಬೀಜದ ಕಂಪನಿಗೆ ಕಚೇರಿ ಸಹಾಯಕಿಯ ಕೆಲಸಕ್ಕೆ ಅರ್ಜಿ ಕಳಿಸಿ ಐದು ತಿಂಗಳು. ಬಾ ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಸ್ನಾನಕ್ಕೆ ಹೋದರೂ ಮೊಬೈಲನ್ನು ಬಚ್ಚಲ ಗೂಡಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಬರುತ್ತಿದ್ದುದು ರೀಚಾರ್ಜ್ ಮಾಡಿಸಿ ಎನ್ನುವ ಕರೆ ಮಾತ್ರ.

ಮೊದಲು ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಳು. ಆಮೇಲೆ ಕಿರಾಣಿ ಅಂಗಡಿಗೆ. ಕೊನೆಗೆ ಜೊತೆಗೆ ಓದಿದವರ ವಾಟ್ಸಾಪ್ ಗುಂಪಿನಿಂದಲೂ ಸದ್ದಿಲ್ಲದೆ ಹೊರಬಂದಳು. ತಾಯಿ ನಾಗಲಿಂಗಮ್ಮ ರೊಟ್ಟಿ ಬಡಿದು ಕರೆದರೆ, ಹಸಿವಿಲ್ಲ ಎನ್ನುತ್ತಿದ್ದಳು. ತನ್ನ ಅರ್ಜಿಯನ್ನು ಯಾರೋ ಓದಿ, ನಕ್ಕು, ಬದಿಗೆ ಎಸೆದಿದ್ದಾರೆ ಎಂದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿತ್ತು. ಆ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಅಪ್ಪ ಅವ್ವನ ನಡುವೆ ಇದ್ದೂ ಹುಡುಗಿ ಒಂಟಿಯಾಗಿದ್ದಳು.

ಹಾಗಾದರೆ ಬೇರೆ ಕಡೆ ಅರ್ಜಿ ಹಾಕಬಾರದಿತ್ತೇ ಎಂದು ನೀವು ಕೇಳುತ್ತೀರಿ. ಎಡವಟ್ಟು ಆಗಿದ್ದೇ ಅಲ್ಲಿ.

ಅವಳ ಅಪ್ಪ ಶಿವಯೋಗಪ್ಪನದು ಹಿಟ್ಟಿನ ಗಿರಣಿ. ಆದರೆ ಸುತ್ತಲಿನ ಊರುಗಳಲ್ಲಿ ಅವನ ಹೆಸರಿರುವುದು ಹೆಣ್ಣು ಗಂಡು ಕೂಡಿಸುವುದರಲ್ಲಿ. ಅತ್ತ ಹಲವಾಗಲಿನಿಂದ ಇತ್ತ ಉಜ್ಜಿನಿಯವರೆಗೆ ಅವನು ಮಾತು ತಂದ ಮನೆಗಳಿವೆ. ಅವನ ಕಟ್ಟುನಿಟ್ಟು ಏನೆಂದರೆ, ಒಂದು ಮನೆಗೆ ಹೆಣ್ಣಿನ ಮಾತು ಹೋದ ಮೇಲೆ ಅವರು ಹೂಂ ಅಥವಾ ಊಹೂಂ ಅನ್ನುವವರೆಗೆ ಇನ್ನೊಂದು ಮನೆಯ ಹೊಸ್ತಿಲು ತುಳಿಯಬಾರದು. ಹೆಣ್ಣಿನ ಕಡೆಯವರು ತಾವಾಗಿ ಏನಾಯಿತು ಎಂದು ಕೇಳಲೂಬಾರದು. ಪುಣ್ಯಾತ್ಮ ಇದೇ ಪದ್ಧತಿಯನ್ನು ಮಗಳ ನೌಕರಿಗೂ ಹಚ್ಚಿದ್ದ. ಅಪ್ಪ ಹೇಳಿದ ಮೇಲೆ ಮುಗಿಯಿತು ಎಂದು ಅವಳೂ ಒಪ್ಪಿದ್ದಳು. ಹೊಸಪೇಟೆಯ ಒಂದು ಕಡೆಯ ಉತ್ತರಕ್ಕೆ ಏಳು ತಿಂಗಳು, ಕೊಟ್ಟೂರಿನವರದಕ್ಕೆ ಆರು ತಿಂಗಳು ಕಾದರು, ಎರಡೂ ಕಡೆ ಕೊನೆಗೆ ಬೇಡ ಎಂದರು. ಈಗ ದಾವಣಗೆರೆಯವರದು. ಒಂದೂವರೆ ವರ್ಷದಲ್ಲಿ ಮೂರೇ ಅರ್ಜಿ.

ಒಂದು ಗುರುವಾರ ಸಂಜೆ, ಓಣಿಯ ಕೊನೆಯ ಮನೆಯ ಗುಲಫಶಾ ಗಿರಣಿಗೆ ಬಂದಳು. ಮೆಕ್ಯಾನಿಕ್ ಜಮಾಲುದ್ದೀನನ ಮಗಳು, ಗಂಗಾಂಬಿಕಾಳಿಗಿಂತ ಎರಡು ವರ್ಷ ದೊಡ್ಡವಳು, ಹರಪನಹಳ್ಳಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ. ಹಗರಿಬೊಮ್ಮನಹಳ್ಳಿಯಲ್ಲಿ ಹೊಸದಾಗಿ ತೆರೆದ ರಕ್ತ ಪರೀಕ್ಷೆಯ ಲ್ಯಾಬಿಗೆ ಬಿಲ್ಲು ಬರೆಯಲು ಒಬ್ಬರು ಬೇಕಂತೆ, ಶನಿವಾರವೇ ಕೊನೆಯ ದಿನ ಎಂಬ ಸುದ್ದಿ ತಂದಿದ್ದಳು.

ಅಪ್ಪನಿಗೆ ಚಹಾ ತಂದು ಅಲ್ಲೇ ನಿಂತಿದ್ದ ಗಂಗಾಂಬಿಕಾ ಅವನ ಮುಖ ನೋಡಿದಳು. ಶಿವಯೋಗಪ್ಪ ಹಿಟ್ಟಿನ ಕೈ ಒರೆಸಿಕೊಂಡು ತಲೆ ಅಲ್ಲಾಡಿಸಿದ.

“ದಾವಣಗೆರಿಯೋರಿಗೆ ಮಾತು ಹೋಗೈತವ್ವ. ನಾಳಿ ಅವ್ರು ಬಾ ಅಂದ್ರ ಏನ್ ಹೇಳಾಣ?”

ಗುಲಫಶಾ ಜೋಳದ ಚೀಲದ ಮೇಲೆ ಕುಳಿತುಕೊಂಡು ತನ್ನ ಕಥೆ ಹೇಳಿದಳು. ಅವಳು ಇಪ್ಪತ್ತೇಳು ಕಡೆ ಅರ್ಜಿ ಹಾಕಿದ್ದಳಂತೆ. ಇಪ್ಪತ್ತೊಂದು ಕಡೆಯಿಂದ ಇವತ್ತಿಗೂ ಸುದ್ದಿಯಿಲ್ಲ. ತಾನೂ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತವಳೇ. ಈಗ ಆಸ್ಪತ್ರೆಯ ಒಳಗೆ ಕುಳಿತ ಮೇಲೆ ಗೊತ್ತಾಗಿದೆ, ಒಂದು ಕೆಲಸಕ್ಕೆ ಮುನ್ನೂರು ಅರ್ಜಿ ಬರುತ್ತವೆ. ಡಾಕ್ಟರು ಮೊದಲಿನ ಮೂವತ್ತು ನಲವತ್ತು ನೋಡುತ್ತಾರೆ, ಒಬ್ಬರನ್ನು ಕರೆಯುತ್ತಾರೆ. ಉಳಿದವರಿಗೆ ತಿಳಿಸಲು ಯಾರಿಗೂ ಪುರುಸೊತ್ತಿಲ್ಲ.

“ನಿನ್ನ ಅರ್ಜಿ ಓದಿ ಯಾರೂ ನಕ್ಕಿಲ್ಲ ಗಂಗಾ. ಓದೇ ಇಲ್ಲ.”

ಮನಸ್ಸಿನಲ್ಲಿದ್ದುದನ್ನು ಇವಳು ಹೇಗೆ ಹಿಡಿದಳು ಎಂದು ಗಂಗಾಂಬಿಕಾ ದಂಗಾದಳು. ಸಮಾಧಾನವೂ ಆಯಿತು, ಸಿಟ್ಟೂ ಬಂತು.

ಶಿವಯೋಗಪ್ಪ ಮಾತ್ರ ಬಗ್ಗಲಿಲ್ಲ. ಬೇಡ ಎನ್ನುವುದಕ್ಕೂ ಒಂದು ಮರ್ಯಾದೆ ಇರುತ್ತದೆ, ಹೇಳದೆ ಯಾರೂ ಬಿಡುವುದಿಲ್ಲ ಎಂದು ವಾದಿಸಿದ. ಹಾಗಾದರೆ ಕೇಳಿಯೇ ಬಿಡೋಣ ಎಂದು ಗುಲಫಶಾ ಕಂಪನಿಯ ನಂಬರು ಹುಡುಕಿ ಕೊಟ್ಟಳು. ಗಂಗಾಂಬಿಕಾ ನಂಬರು ಒತ್ತಿದಳು. ತನ್ನ ಮಾತೇ ನಿಜವಾಗುತ್ತದೆ ಎಂಬ ಧೈರ್ಯದಲ್ಲಿ ಶಿವಯೋಗಪ್ಪ, ಮಾತು ಕೇಳಿಸಲಿ ಎಂದು ತಾನೇ ಗಿರಣಿ ಬಂದ್ ಮಾಡಿದ. ಸ್ಪೀಕರಿನಲ್ಲಿ ಒಬ್ಬ ಗಂಡಸು ಮಾತಾಡಿದ. ಯಾವ ಕೆಲಸ, ಅರ್ಜಿ ಕಳಿಸಿದ್ದು ಯಾವತ್ತು ಎಂದು ಕೇಳಿದ. ಅವಳು ತಾರೀಖು ಹೇಳಿದಳು.

“ಅಯ್ಯೋ, ಅದಕ್ಕೆ ಎರಡು ದಿನ ಮುಂಚೇನೇ ಒಬ್ರನ್ನ ತಗೊಂಡಾಗಿತ್ತಲ್ಲಮ್ಮ,” ಎಂದ. ಒರಟಾಗಿಯೇನೂ ಹೇಳಲಿಲ್ಲ. ಬೇರೆ ಕರೆ ಬರುತ್ತಿದೆ ಎಂದು ಫೋನ್ ಇಟ್ಟ.

ಒಂದು ನಿಮಿಷವೂ ಹಿಡಿದಿರಲಿಲ್ಲ. ಅವಳು ಅರ್ಜಿ ಕಳಿಸುವ ಮೊದಲೇ ಮುಚ್ಚಿದ್ದ ಬಾಗಿಲಿನ ಮುಂದೆ ಐದು ತಿಂಗಳು ಕುಳಿತಿದ್ದಳು. ಗಂಗಾಂಬಿಕಾ ಸೆರಗಿನಂತೆ ವೇಲನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಗುಲಫಶಾ ಪಕ್ಕಕ್ಕೆ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು.

ಶಿವಯೋಗಪ್ಪನಿಗೆ ಮಗಳತ್ತ ನೋಡಲು ಆಗಲಿಲ್ಲ. ಗಿರಣಿಯ ಕಲ್ಲಿನತ್ತ ನೋಡುತ್ತಲೇ ಹೇಳಿದ, “ನಿನ್ನ ಕೂಡ್ರಿಸಿದೋರು ಅವ್ರಲ್ಲವ್ವ. ನಾನು.”

ಅವತ್ತೇ ಲ್ಯಾಬಿಗೂ ಇನ್ನೆರಡು ಕಡೆಗೂ ಅರ್ಜಿ ಹೋಯಿತು. ಗುಲಫಶಾ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲಿಗೆ, ಯಾವತ್ತು ಎಂದು ಬರೆಸಿದಳು. ಹತ್ತು ದಿನ ನೋಡಿ ಒಮ್ಮೆ ಫೋನ್ ಮಾಡಬೇಕು, ಇನ್ನೂ ಒಂದು ವಾರ ಬಿಟ್ಟು ಮತ್ತೊಮ್ಮೆ, ಆಮೇಲೆ ಆ ಸಾಲಿಗೆ ಗೆರೆ ಎಳೆಯಬೇಕು. ಅಷ್ಟರೊಳಗೆ ಕೈ ಕಟ್ಟಿ ಕೂಡದೆ ಬೇರೆ ಕಡೆ ಹಾಕುತ್ತಿರಬೇಕು.

ಲ್ಯಾಬಿನವರೂ ಉತ್ತರ ಕೊಡಲಿಲ್ಲ. ಹನ್ನೊಂದನೇ ದಿನ ಕೇಳಿದರೆ, ಬೇರೆಯವರನ್ನು ತೆಗೆದುಕೊಂಡಾಯಿತು ಎಂದರು. ಗಂಗಾಂಬಿಕಾ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ನಾಗಲಿಂಗಮ್ಮ ಕರೆದಳು, ಏಳಲಿಲ್ಲ. ಆಗ ಶಿವಯೋಗಪ್ಪ ಗಿರಣಿ ಬಿಟ್ಟು ಬಂದು, ಆ ನೋಟ್‌ಬುಕ್ ಹಿಡಿದು ಮಗಳ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಕನ್ನಡಕ ಏರಿಸಿಕೊಂಡು ಲ್ಯಾಬಿನ ಸಾಲಿಗೆ ತಾನೇ ಗೆರೆ ಎಳೆದ.

“ಏಳವ್ವ. ಇನ್ನೊಂದು ಮನಿ ನೋಡಾಣ,” ಎಂದ.

ಅವಳು ಎದ್ದಳು.

ಅವಳಿಗೆ ಕೆಲಸ ಸಿಕ್ಕಿತು ಎಂದು ಹೇಳಿದರೆ ನಿಮಗೆ ಖುಷಿಯಾದೀತು. ಇನ್ನೂ ಸಿಕ್ಕಿಲ್ಲ, ಸುಳ್ಳು ಹೇಳಲಾರೆ. ಈಗ ಹದಿನಾಲ್ಕು ಅರ್ಜಿ ಹೋಗಿವೆ, ಎರಡು ಕಡೆ ಸಂದರ್ಶನಕ್ಕೆ ಕರೆದಿದ್ದರು. ಎರಡಕ್ಕೂ ಅಪ್ಪನೇ ಬಸ್ಸು ಹತ್ತಿಸಿ ಬಂದ. ಮನೆಯಲ್ಲಿ ಎಲ್ಲರ ಜೊತೆ ಕುಳಿತು ಉಣ್ಣುತ್ತಾಳೆ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಅರ್ಜಿಗೆ ಉತ್ತರ ಬರಲಿಲ್ಲವೆಂದರೆ ನೀವು ಕೈಲಾಗದವರು ಎಂದಲ್ಲ. ಒಂದನ್ನೇ ನಂಬಿ ಕೂರಬೇಡಿ. ಫೋನ್ ಮಾಡಿ ಕೇಳುವುದು ನಿಮ್ಮ ಹಕ್ಕು, ನಾಚಿಕೆ ಬೇಡ. ಕೆಲಸ ಕೊಡಿಸುತ್ತೇನೆಂದು ಹಣ ಕೇಳಿದವರಿಗೆ ಬಿಡಿಗಾಸೂ ಕೊಡಬೇಡಿ. ಊಟ ಸೇರದೆ, ನಿದ್ದೆ ಬಾರದೆ ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಅದು ಉಚಿತ. ಕೆಲಸ ಕೊಡುವ ಯಜಮಾನರೇ, ‘ಈ ಸಲ ಆಗಲಿಲ್ಲ’ ಎಂದು ಒಂದು ಸಾಲು ಬರೆದು ತಿಳಿಸಿ, ನಿಮ್ಮ ಗಂಟೇನೂ ಹೋಗುವುದಿಲ್ಲ. ತಂದೆ ತಾಯಿಯರೇ, ನಿಮ್ಮ ಮನೆಯಲ್ಲೂ ಒಬ್ಬರು ಹೀಗೆ ಬಾಗಿಲು ಹಾಕಿಕೊಂಡಿರಬಹುದು. ಈ ಕಾಗದವನ್ನು ಕೆಳಗಿಟ್ಟು ಈಗಲೇ ಹೋಗಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.