ನೂರಕ್ಕೆ ನೂರಹತ್ತೊಂಬತ್ತು

ಮನೆಮಂದಿ ಅವನನ್ನು ಚೊಕ್ಕಣ್ಣ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಕುಡಿದ ಲೋಟ ಕೆಳಗಿಡುವಷ್ಟರಲ್ಲಿ ಎತ್ತಿ ತೊಳೆದಿಡುವ ಆಸಾಮಿ. ಆಪರೇಷನ್ನಿಗೆ ಹೊರಟ ಅಕ್ಕ ಶೆಡ್ಡಿನ ಸೀಗಡಿ ತೊಟ್ಟಿಯನ್ನು ಒಪ್ಪಿಸಿದ್ದು ಇವನಿಗೇ. ಎರಡು ಸಲ ಸಾಕಿ ಸೋತು, ನೆಂಟರ ಆಡಿಕೆಯ ಮಾತಿಗೆ ಸಿಕ್ಕಿ, ಮೂರನೇ ಸಲ ಅವಳು ಎಣಿಸಿ ಬಿಟ್ಟಿದ್ದ ನೂರು ಸೀಗಡಿ.

"ಒಂದೂ ಕಮ್ಮಿಯಾಗದ ಹಾಗೆ ನೋಡ್ಕೋತೀನಿ, ಹೋಗಕ್ಕ" ಎಂದು ಮಾತು ಕೊಟ್ಟ.

ಅವತ್ತೇ ತಳದಲ್ಲಿದ್ದ ಒಡಕು ಹೆಂಚು, ಪೈಪಿನ ತುಂಡುಗಳನ್ನೆಲ್ಲ ಎತ್ತಿ ಹಿತ್ತಲಿಗೆಸೆದ. ತೊಟ್ಟಿ ಊಟದ ತಟ್ಟೆಯ ಹಾಗೆ ಬೆಳಗಿತು.

ಮರುದಿನದಿಂದ ಸಾವು ಶುರು. ಮೀಸೆ, ಕಾಲು ಎಲ್ಲ ಇದ್ದೂ ಹೂವಿನಷ್ಟು ಹಗುರಾದ ಹೆಣಗಳು. ಆರು ದಿನಕ್ಕೆ ಮೂವತ್ತೆಂಟು. ಉಳಿದವನ್ನು ಬಕೆಟ್ಟಿಗೆ ಎತ್ತಿ ಎಣಿಸಿದ. ಎಂಬತ್ತೊಂದು! ಕೂಡಿಸಿದರೆ ನೂರಹತ್ತೊಂಬತ್ತು. ಮತ್ತೆ ಎಣಿಸಿದ, ಅಷ್ಟೇ. ಸತ್ತವು ಎದ್ದು ಬರುತ್ತಿವೆಯೋ, ತನಗೇ ತಲೆ ಕೆಟ್ಟಿದೆಯೋ? ಅಳಬೇಕೋ ನಗಬೇಕೋ ತಿಳಿಯದೆ ಬಕೆಟ್ಟಿನ ಮುಂದೆ ಕೂತುಬಿಟ್ಟ.

ಅಕ್ಕ ಬಂದಳು. ಹೊಟ್ಟೆ ಹಿಡಿದುಕೊಂಡು, ಹೆಜ್ಜೆಗೊಮ್ಮೆ ನಿಂತು, ಸೀದಾ ಶೆಡ್ಡಿಗೆ. ಅವನು ಹೆಣಗಳ ಡಬ್ಬ ತೋರಿಸಿ ಲೆಕ್ಕ ಒಪ್ಪಿಸಿದ.

"ಅಯ್ಯೋ ಮಂಕೇ, ಇವು ಬರೀ ಚಿಪ್ಪು ಕಣೋ. ಬೆಳೆಯೋವಾಗ ಹಳೇದನ್ನ ಕಳಚಿ ಹಾಕ್ತವೆ."

"ಹಾಗಾದ್ರೆ ಯಾವುದೂ ಸತ್ತಿಲ್ವಾ?"

"ಎಂಬತ್ತೊಂದು ಅಂದ್ಯಲ್ಲ, ಮಿಕ್ಕ ಹತ್ತೊಂಬತ್ತು ಎಲ್ಲಿ?"

"ಅವುಗಳ ಹೆಣ ಸಿಕ್ಕೇ ಇಲ್ಲ."

"ಸಿಗಲ್ಲ. ಚಿಪ್ಪು ಕಳಚಿದ್ದು ಒಂದೆರಡು ದಿನ ಮೆತ್ತಗಿರುತ್ತೆ. ಅಡಗೋಕೆ ಜಾಗ ಇಲ್ದಿದ್ರೆ ಜೊತೆಯವೇ ತಿಂದುಬಿಡ್ತವೆ. ನನ್ನ ಪೈಪುಗಳೆಲ್ಲೋ?"

ಚೊಕ್ಕಣ್ಣ ಹಿತ್ತಲಿಗೆ ಓಡಿ ಹೆಂಚು, ಪೈಪುಗಳನ್ನೆಲ್ಲ ಕೆಸರಿನ ಸಮೇತ ತಂದು ತೊಟ್ಟಿಯಲ್ಲಿ ಮುಳುಗಿಸಿ, ಬಕೆಟ್ಟಿನ ಸೀಗಡಿಗಳನ್ನೂ ಅಲ್ಲಿಗೇ ಬಿಟ್ಟ. ಹತ್ತೊಂಬತ್ತನ್ನು ತಿಂದದ್ದು ಸೀಗಡಿಗಳೋ, ತಾನೋ? ಅದೂ ಬಗೆಹರಿಯಲಿಲ್ಲ. ಆಗಷ್ಟೇ ಚಿಪ್ಪು ಕಳಚಿ ಬಿಳಿಚಿಕೊಂಡ ಒಂದು ಸೀಗಡಿ ಸರ್ರನೆ ಪೈಪಿನೊಳಗೆ ನುಸುಳಿತು.

ಅಷ್ಟರಲ್ಲಿ ಗೇಟಿನಿಂದಲೇ ಚಿಕ್ಕಮ್ಮನ ದನಿ. "ಬಂದ್ಲಾ? ಎಲ್ಲಿ, ಹೊಲಿಗೆ ತೋರಿಸ್ಲಿ! ಈ ಸಲ ಸೀಗಡಿ ಎಷ್ಟು ಉಳಿದ್ವಂತೆ?" ಹಿಂದೆ ಇನ್ನೂ ನಾಲ್ಕು ಜನ ನೆಂಟರು. ಅಕ್ಕನ ಮುಖ ಬಿಳಿಚಿತು.

ಚೊಕ್ಕಣ್ಣ ಕೈ ತೊಳೆಯುವುದನ್ನೂ ಮರೆತು ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತ.

"ಅಕ್ಕ ಒಳಗೆ ಮಲಗಿದ್ದಾಳೆ ಚಿಕ್ಕಮ್ಮ. ಎರಡು ದಿನ ಬಿಟ್ಟು ಬನ್ನಿ."

ಅಕ್ಕ ಅವನ ಬೆನ್ನ ಹಿಂದೆಯೇ, ಗೋಡೆಗೊರಗಿ, ಉಸಿರು ಬಿಗಿಹಿಡಿದು ನಿಂತಿದ್ದಳು.